ಖಾಲಿ ಬಿಟ್ಟ ಮನೆ ಸೊನ್ನೆಯಲ್ಲ

ದಿಮ್ಮಿ ಗಾಡಿಯ ಮೇಲೆ ಮಲಗಿದೆ. ಗಾಡಿ ಹಳಿಯ ಮೇಲೆ ಮೆಲ್ಲಗೆ ಮುಂದೆ ಸರಿಯುತ್ತದೆ, ಗರಗಸದ ಪಟ್ಟಿ ಮರದೊಳಗೆ ಹೊಗುತ್ತದೆ. ಮೊದಲು ಬೀಳುವುದು ಹೊರಚಕ್ಕೆ. ಅದರ ಒಂದು ಬದಿ ತೊಗಟೆ, ಇನ್ನೊಂದು ಬದಿ ಹಸಿ ಮರ. ಆಮೇಲೆ ಒಂದೊಂದೇ ಹಲಗೆ. ಮುಟ್ಟಿದರೆ ಕೈಗೆ ತೇವ ಹತ್ತುತ್ತದೆ. ಕೆಳಗೆ ಹುಡಿ ರಾಶಿ ಬೀಳುತ್ತಲೇ ಇರುತ್ತದೆ. ಪಕ್ಕದಲ್ಲಿ ನಿಂತವನು ಅಳತೆಪಟ್ಟಿ ಇಟ್ಟು ನೋಡಿ ಚೀಟಿಯಲ್ಲಿ ಗೀಟು ಎಳೆಯುತ್ತಾನೆ. ನಾಲ್ಕು ಗೀಟು ನೆಟ್ಟಗೆ, ಐದನೆಯದು ಅಡ್ಡ.

ದೇಶವೊಂದು ಈ ವರ್ಷ ಇಷ್ಟು ಕೋಟಿ ಘನ ಮೀಟರ್ ಮರ ಕೊಯ್ದಿತು ಅಂತ ಸರ್ಕಾರಿ ಕೋಷ್ಟಕದಲ್ಲಿ ಓದುತ್ತೇವಲ್ಲ, ಅದರ ಬುಡ ಇಂಥ ಗೀಟುಗಳಲ್ಲಿದೆ. ಈಗ ಎಷ್ಟೋ ಮಿಲ್ಲುಗಳಲ್ಲಿ ಗೀಟಿನ ಬದಲು ಲೇಸರ್ ಸ್ಕ್ಯಾನರ್ ಎಣಿಸುತ್ತದೆ. ಆದರೆ ಫಾರಂ ತುಂಬುವುದು ಈಗಲೂ ಮಿಲ್ಲಿನ ಗುಮಾಸ್ತರೇ. ಆ ಫಾರಂ ಕೋಷ್ಟಕವಾಗುವ ದಾರಿಯಲ್ಲಿ ಮರ ಎಲ್ಲೆಲ್ಲಿ ಲೆಕ್ಕದಿಂದ ಜಾರುತ್ತದೆ ಅನ್ನುವುದು ನನಗೆ ತುಂಬಾ ಇಷ್ಟದ ವಿಷಯ.

ಸರ್ಕಾರಕ್ಕೆ ಈ ಲೆಕ್ಕ ಯಾಕೆ ಬೇಕಾಯಿತು? ಅಮೆರಿಕದಲ್ಲಿ ಇದರ ಹಿಂದೆ ನಿಜವಾದ ಭಯವಿತ್ತು. 1905ರ ಜನವರಿಯಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅರಣ್ಯ ಸಮ್ಮೇಳನವೊಂದರಲ್ಲಿ ನಿಂತು, ಹೀಗೇ ಕಡಿಯುತ್ತಾ ಹೋದರೆ ಮರದ ಬರಗಾಲ ಖಂಡಿತ ಅಂತ ಎಚ್ಚರಿಸಿದರು. ಅದೇ ವರ್ಷ ಅಲ್ಲಿನ ಅರಣ್ಯ ಸೇವೆ ಹುಟ್ಟಿತು. ಬರಗಾಲ ಬರುತ್ತದೋ ಇಲ್ಲವೋ ತಿಳಿಯಬೇಕಾದರೆ ಎಷ್ಟು ಕೊಯ್ಯುತ್ತಿದ್ದೇವೆ ಅನ್ನುವುದು ಮೊದಲು ಗೊತ್ತಿರಬೇಕು, ಅಲ್ವಾ? 1909ರಲ್ಲಿ ಆ ದೇಶದ ಮಿಲ್ಲುಗಳು ಸುಮಾರು 4,400 ಕೋಟಿ ಬೋರ್ಡ್ ಫುಟ್ ಮರ ಕೊಯ್ದವು. 1932ರ ಆರ್ಥಿಕ ಕುಸಿತದ ಹೊತ್ತಿಗೆ ಅದು ಸುಮಾರು 1,000 ಕೋಟಿಗೆ ಇಳಿದಿತ್ತು.

ಈ ಬೋರ್ಡ್ ಫುಟ್ ಅಂದರೆ ಏನು? ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಇಂಚು ದಪ್ಪದ ಹಲಗೆ. ಹನ್ನೆರಡು ಸೇರಿದರೆ ಒಂದು ಘನ ಅಡಿ. ಇಷ್ಟೇ ಆಗಿದ್ದರೆ ಲೆಕ್ಕ ಸಲೀಸು. ಆದರೆ ಅಲ್ಲಿ ಮನೆ ಕಟ್ಟಲು ಬಳಸುವ ‘ಎರಡು–ನಾಲ್ಕು’ ಅನ್ನುವ ಪಟ್ಟಿಯನ್ನು ನೋಡಿ. ಹೆಸರಿಗೆ ಎರಡು ಇಂಚು ದಪ್ಪ, ನಾಲ್ಕು ಇಂಚು ಅಗಲ. ಒಣಗಿಸಿ, ಹತ್ತರಿ ಹೊಡೆದ ಮೇಲೆ ಅಳೆದರೆ ಒಂದೂವರೆ ಇಂಚು, ಮೂರೂವರೆ ಇಂಚು. ಎಂಟು ಅಡಿ ಉದ್ದದ ಇಂಥ ಒಂದು ಪಟ್ಟಿ ಕಾಗದದ ಮೇಲೆ 5.33 ಬೋರ್ಡ್ ಫುಟ್. ಕೈಯಲ್ಲಿರುವ ಮರ 3.5 ಮಾತ್ರ. ಮೂರರಲ್ಲಿ ಒಂದು ಪಾಲು ಬರೀ ಹೆಸರಲ್ಲಿದೆ! ವ್ಯಾಪಾರದಲ್ಲಿ ಇದು ಮೋಸವಲ್ಲ. ಕೊಳ್ಳುವವರಿಗೂ ಮಾರುವವರಿಗೂ ಗೊತ್ತಿರುವ ಮಾಪ. ಆದರೆ ಆ ಅಂಕಿಯನ್ನು ಹಾಗೇ ಎತ್ತಿಕೊಂಡು ಘನ ಮೀಟರಿಗೆ ಬದಲಾಯಿಸಿ, ನಿಜ ಅಳತೆ ಬಳಸುವ ದೇಶದ ಪಕ್ಕದಲ್ಲಿ ಇಟ್ಟರೆ, ಕಾಡಿನಲ್ಲಿ ಬೆಳೆಯದ ಮರ ಕೋಷ್ಟಕದಲ್ಲಿ ಬೆಳೆದುಬಿಡುತ್ತದೆ.

ಅಳೆಯುವುದು ಯಾವಾಗ ಅನ್ನುವುದೂ ಅಷ್ಟೇ ಮುಖ್ಯ. ಹಸಿ ಹಲಗೆ ಒಣಗುವಾಗ ಉದ್ದದಲ್ಲಿ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲದಲ್ಲಿ ಚೆನ್ನಾಗಿಯೇ ಕುಗ್ಗುತ್ತದೆ. ಒಂದು ಮಿಲ್ಲು ಗರಗಸದಿಂದ ಇಳಿದ ಕೂಡಲೇ ಅಳೆದರೆ, ಇನ್ನೊಂದು ಒಲೆಮನೆಯಲ್ಲಿ ಒಣಗಿಸಿದ ಮೇಲೆ ಅಳೆಯುತ್ತದೆ. ಅದಕ್ಕೇ ಒಳ್ಳೆಯ ಫಾರಂ ‘ಎಷ್ಟು ಕೊಯ್ದಿರಿ’ ಅಂತ ಸುಮ್ನೆ ಕೇಳುವುದಿಲ್ಲ. ಯಾವ ಹಂತದಲ್ಲಿ ಅಳೆದಿರಿ, ಸ್ವಂತ ದಿಮ್ಮಿಯೋ ಬೇರೆಯವರದ್ದನ್ನು ಕೂಲಿಗೆ ಕೊಯ್ದು ಕೊಟ್ಟಿರೋ ಅಂತಲೂ ಕೇಳುತ್ತದೆ. ಒಬ್ಬರು ಕೊಯ್ದ ಹಸಿ ಹಲಗೆಯನ್ನು ಇನ್ನೊಬ್ಬರು ಕೊಂಡು ಹತ್ತರಿ ಹೊಡೆದರೆ, ಇಬ್ಬರೂ ‘ನಮ್ಮ ಉತ್ಪಾದನೆ’ ಅಂತ ಬರೆಯುವ ಸಂಭವವಿದೆ. ಆಗ ಒಂದೇ ಮರ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ಇನ್ನು ದಿಮ್ಮಿಯ ಕಡೆಯ ಲೆಕ್ಕ. ದಿಮ್ಮಿ ದುಂಡಗಿದೆ, ಹಲಗೆ ಚಪ್ಪಟೆ. ನಡುವೆ ಏನೇನೋ ಕಳೆದುಹೋಗುತ್ತದೆ. ಗರಗಸ ಹೋದಲ್ಲೆಲ್ಲ ಅದರ ದಪ್ಪದಷ್ಟು ಮರ ಹುಡಿಯಾಗುತ್ತದೆ. ಹಳೆಯ ದುಂಡು ಗರಗಸ ಒಂದು ಸಲಕ್ಕೆ ಸುಮಾರು 6 ಮಿಲಿಮೀಟರ್ ತಿನ್ನುತ್ತದೆ, ಬ್ಯಾಂಡ್ ಗರಗಸ ಸುಮಾರು 3. ಹತ್ತು ಸಲ ಕೊಯ್ದರೆ ಬ್ಯಾಂಡ್ ಗರಗಸದಿಂದ 30 ಮಿಲಿಮೀಟರ್ ಉಳಿತಾಯ. ಅಂದರೆ ಅದೇ ದಿಮ್ಮಿಯಿಂದ ಒಂದಿಂಚಿನ ಇನ್ನೊಂದು ಹಲಗೆ! ಒಟ್ಟಿನಲ್ಲಿ ದಿಮ್ಮಿಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹಲಗೆಯಾದರೆ ಮಿಲ್ಲು ಚೆನ್ನಾಗಿ ನಡೆದಿದೆ ಅಂತಲೇ ಅರ್ಥ. ಉಳಿದದ್ದು ಹುಡಿ, ಚಕ್ಕೆ, ತುಂಡು.

ಕೊಯ್ಯುವ ಮೊದಲೇ ದಿಮ್ಮಿಯಲ್ಲಿ ಎಷ್ಟು ಹಲಗೆ ಸಿಗಬಹುದು ಅಂತ ಅಂದಾಜು ಮಾಡಲು ಸೂತ್ರಗಳಿವೆ. ಅಮೆರಿಕದ ಪೂರ್ವಭಾಗದಲ್ಲಿ ಬಹಳ ಬಳಕೆಯಲ್ಲಿರುವ ಡಾಯ್ಲ್ ಸೂತ್ರ 19ನೇ ಶತಮಾನದ್ದು. ದಿಮ್ಮಿಯ ಸಣ್ಣ ತುದಿಯ ಅಡ್ಡಳತೆಯಿಂದ ನಾಲ್ಕು ಇಂಚು ಕಳೆ, ನಾಲ್ಕರಿಂದ ಭಾಗಿಸು, ಬಂದದ್ದನ್ನು ಅದರಿಂದಲೇ ಗುಣಿಸು, ಆಮೇಲೆ ಅಡಿಗಳಲ್ಲಿ ಉದ್ದದಿಂದ ಗುಣಿಸು. ಇಷ್ಟೇ. 24 ಇಂಚಿನ, 16 ಅಡಿ ಉದ್ದದ ದಿಮ್ಮಿಗೆ 400 ಬೋರ್ಡ್ ಫುಟ್ ಬರುತ್ತದೆ. ಅಷ್ಟೇ ಉದ್ದದ 8 ಇಂಚಿನ ದಿಮ್ಮಿಗೆ ಬರುವುದು 16. ಅದನ್ನೊಂದು ನೇರ ಕಂಬ ಅಂದುಕೊಂಡರೂ ಅದರಲ್ಲಿರುವ ಮರ ಸುಮಾರು 67 ಬೋರ್ಡ್ ಫುಟ್. 4 ಇಂಚಿನ ದಿಮ್ಮಿಗಂತೂ ಸೂತ್ರ ಸೊನ್ನೆ ಕೊಡುತ್ತದೆ.

ಇದರ ಪರಿಣಾಮ ಏನು ಗೊತ್ತಾ? ದೊಡ್ಡ ಮರಗಳು ಮುಗಿಯುತ್ತಾ ಬಂದು ಸಣ್ಣ ದಿಮ್ಮಿಗಳೇ ಜಾಸ್ತಿಯಾದಾಗ, ಸೂತ್ರ ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚು ಹಲಗೆ ಮಿಲ್ಲಿನಿಂದ ಹೊರಬರುತ್ತದೆ. ಕಾಗದ ನೋಡಿದವರಿಗೆ ಮಿಲ್ಲುಗಳು ಭಾರಿ ಸುಧಾರಿಸಿವೆ ಅನ್ನಿಸುತ್ತದೆ. ಗರಗಸ ಅದೇ, ಕೆಲಸಗಾರರೂ ಅವರೇ. ಬದಲಾದದ್ದು ಕಾಡು. ಕಾಡು ಸಣ್ಣದಾದದ್ದು ಕೋಷ್ಟಕದಲ್ಲಿ ಮಿಲ್ಲಿನ ಜಾಣ್ಮೆಯಾಗಿ ಕಾಣುವುದು ನನಗೆ ನಿಜಕ್ಕೂ ಕಸಿವಿಸಿ ತರುತ್ತದೆ.

ಅಳತೆ ಸರಿಯಾಯಿತು ಅಂತಿಟ್ಟುಕೊಳ್ಳೋಣ. ಈಗ ಯಾರನ್ನು ಕೇಳುವುದು? ಎಲ್ಲ ಮಿಲ್ಲುಗಳನ್ನೂ ಪ್ರತಿ ತಿಂಗಳು ಕೇಳುವುದು ಆಗದ ಮಾತು. ಒಂದು ಕಡೆ ಸಾವಿರ ಮಿಲ್ಲುಗಳಿವೆ ಅಂದುಕೊಳ್ಳಿ. ಅದರಲ್ಲಿ ನೂರು ದೊಡ್ಡವು. ಹೆಚ್ಚಿನ ಮರ ಅಲ್ಲೇ ಕೊಯ್ಯಲಾಗುತ್ತದೆ, ಹಾಗಾಗಿ ಆ ನೂರನ್ನೂ ಬಿಡದೆ ಕೇಳುತ್ತಾರೆ. ಉಳಿದ ಒಂಬೈನೂರರಲ್ಲಿ ತೊಂಬತ್ತನ್ನು ಚೀಟಿ ಎತ್ತಿ ಆರಿಸುತ್ತಾರೆ. ಆರಿಸಿದ ಒಂದೊಂದು ಮಿಲ್ಲೂ ತನ್ನಂಥ ಹತ್ತರ ಪರವಾಗಿ ಮಾತಾಡುತ್ತದೆ. ಅದರ ಉತ್ತರವನ್ನು ಹತ್ತರಿಂದ ಗುಣಿಸುತ್ತಾರೆ. ಸಣ್ಣದು ಅಂತ ಬರೆದುಕೊಂಡಿದ್ದ ಮಿಲ್ಲೊಂದು ಈ ನಡುವೆ ಹೊಸ ಯಂತ್ರ ಹಾಕಿ ದೊಡ್ಡದಾಗಿಬಿಟ್ಟಿದ್ದರೆ? ಅದರ ಮರವೂ ಹತ್ತರಿಂದ ಗುಣವಾಗಿ ಇಡೀ ಪ್ರದೇಶದ ಅಂಕಿ ಎಗರುತ್ತದೆ. ಲಾರಿಯ ಹಿಂದೆ ಕಟ್ಟಿಕೊಂಡು ಹೋಗಿ ಕಾಡಂಚಿನಲ್ಲೇ ಕೊಯ್ಯುವ ಸಂಚಾರಿ ಗರಗಸಗಳಂತೂ ಎಷ್ಟೋ ಸಲ ಪಟ್ಟಿಯಲ್ಲೇ ಇರುವುದಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಷ್ಟದ್ದು ಬರದೇ ಇರುವ ಫಾರಂ. ಫಾರಂ ಬರಲಿಲ್ಲ ಅಂದರೆ ಏನರ್ಥ? ಗುಮಾಸ್ತರಿಗೆ ಪುರುಸೊತ್ತಿಲ್ಲದಿರಬಹುದು. ಗರಗಸ ಕೆಟ್ಟು ತಿಂಗಳು ಪೂರ್ತಿ ನಿಂತಿರಬಹುದು. ಮಿಲ್ಲೇ ಮುಚ್ಚಿಹೋಗಿರಬಹುದು. ಮೊದಲನೆಯದಾದರೆ ಮರ ಕೊಯ್ದಿದ್ದಾರೆ, ನಮಗೆ ತಿಳಿದಿಲ್ಲ ಅಷ್ಟೇ. ಕೊನೆಯ ಎರಡರಲ್ಲಿ ಉತ್ತರ ನಿಜಕ್ಕೂ ಸೊನ್ನೆ. ದೂರದ ಕಚೇರಿಯಲ್ಲಿ ಕೂತವರಿಗೆ ಮೂರೂ ಒಂದೇ ಥರ ಕಾಣುತ್ತವೆ. ಕೋಷ್ಟಕದ ಖಾಲಿ ಮನೆಯನ್ನೆಲ್ಲ, ಅಂದರೆ ಅಂಕಿ ಬರೆಯದ ಚೌಕವನ್ನೆಲ್ಲ, ಸೊನ್ನೆ ಅಂದುಕೊಂಡರೆ ಒಟ್ಟು ಮೊತ್ತ ಸುಳ್ಳೇ ಇಳಿಯುತ್ತದೆ. ಅದಕ್ಕೆ ಸಾಮಾನ್ಯವಾಗಿ ಆ ಮಿಲ್ಲಿನ ಹಿಂದಿನ ತಿಂಗಳ ಅಂಕಿ ತೆಗೆದುಕೊಂಡು, ಉತ್ತರ ಕೊಟ್ಟ ಅಂಥದೇ ಮಿಲ್ಲುಗಳು ಎಷ್ಟು ಏರಿದವೋ ಇಳಿದವೋ ಅಷ್ಟು ಹೊಂದಿಸಿ ತುಂಬುತ್ತಾರೆ. ಒಳ್ಳೆಯ ದಿನಗಳಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ.

ಕೆಟ್ಟ ದಿನ ಬಂದಾಗ ಇದೇ ಉಪಾಯ ಕೈಕೊಡುತ್ತದೆ. ಮನೆ ಕಟ್ಟುವುದು ನಿಂತು ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕುತ್ತಿರುವಾಗ ಉತ್ತರ ಕೊಡುವವರು ಬದುಕಿ ಉಳಿದವರು. ಕೋಷ್ಟಕದಲ್ಲಿ ಮುಚ್ಚಿದವರ ಖಾಲಿ ಮನೆಯನ್ನು ಉಳಿದವರ ಲೆಕ್ಕದಿಂದ ತುಂಬಿದರೆ, ನಿಂತುಹೋದ ಗರಗಸಗಳೂ ಕಾಗದದ ಮೇಲೆ ಕೊಯ್ಯುತ್ತಲೇ ಇರುತ್ತವೆ. ಕುಸಿತ ಎಷ್ಟು ಆಳ ಅಂತ ತುರ್ತಾಗಿ ತಿಳಿಯಬೇಕಾದ ಹೊತ್ತಲ್ಲೇ ಅಂಕಿ ಕುಸಿತವನ್ನು ಮರೆಮಾಚುತ್ತದೆ. ಇದಕ್ಕೆ ಒಂದೇ ಮದ್ದು: ಫೋನ್ ಎತ್ತಿ ಕೇಳುವುದು. ‘ನಿಮ್ಮ ಗರಗಸ ಓಡುತ್ತಿದೆಯಾ?’ ಆ ಒಂದು ಪ್ರಶ್ನೆಗೆ ಸಿಕ್ಕ ಉತ್ತರ ಯಾವ ಸೂತ್ರಕ್ಕಿಂತಲೂ ಬೆಲೆಯುಳ್ಳದ್ದು. ತಿಂಗಳ ಅಂಕಿಯನ್ನು ಆಮೇಲೆ ತಿದ್ದಿ ಮತ್ತೆ ಪ್ರಕಟಿಸುವುದಕ್ಕೂ ಇದೊಂದು ಕಾರಣ. ತಿದ್ದಿದ್ದನ್ನು ನೋಡಿ ಮೊದಲು ತಪ್ಪು ಹೇಳಿದರು ಅಂತ ದೂರುವವರಿದ್ದಾರೆ. ನನಗೆ ತಿದ್ದುವ ಕಚೇರಿಯ ಮೇಲೇ ನಂಬಿಕೆ ಜಾಸ್ತಿ.

ಮಿಲ್ಲಿನವರು ಫೋನಿನಲ್ಲಿ ನಿಜ ಹೇಳಬೇಕಾದರೆ ಅವರಿಗೂ ಒಂದು ಧೈರ್ಯ ಬೇಕು. ತಾವು ಕೊಟ್ಟ ಅಂಕಿ ಪೈಪೋಟಿಯವರ ಕೈಗೋ ತೆರಿಗೆ ಕಚೇರಿಗೋ ಹೋಗಬಾರದು. ಅಮೆರಿಕದಲ್ಲಿ ಜನಗಣತಿ ಇಲಾಖೆಗೆ ಕೊಟ್ಟ ಮಾಹಿತಿಯನ್ನು ಹೊರಬಿಟ್ಟ ನೌಕರರಿಗೆ 5 ವರ್ಷದವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡ. ಕೋಷ್ಟಕದ ಮೂಲಕವೂ ಅದು ಸೋರಬಾರದು. ಒಂದು ಜಿಲ್ಲೆಯಲ್ಲಿ ಎರಡೇ ಮಿಲ್ಲು, ಒಟ್ಟು 100 ಅಂತ ಅಚ್ಚಾಗಿದೆ ಅನ್ನಿ. ನನ್ನದು 40 ಆದರೆ ಎದುರಿನವರದು 60 ಅಂತ ನನಗೆ ಆಗಲೇ ಗೊತ್ತಾಯಿತು! ಹಾಗಾಗಿ ಆ ಮನೆಯಲ್ಲಿ ಅಂಕಿ ಬರೆಯದೆ ‘ಡಿ’ ಅಕ್ಷರ ಹಾಕುತ್ತಾರೆ. ಅಷ್ಟಕ್ಕೇ ಮುಗಿಯಲಿಲ್ಲ. ಇಡೀ ರಾಜ್ಯದ ಮೊತ್ತವೂ ಉಳಿದ ಜಿಲ್ಲೆಗಳ ಅಂಕಿಯೂ ಕೋಷ್ಟಕದಲ್ಲಿದ್ದರೆ, ಕಳೆದು ನೋಡಿ ಬಚ್ಚಿಟ್ಟದ್ದನ್ನು ಹೊರತೆಗೆಯಬಹುದು. ಅದಕ್ಕೆ ಏನೂ ಗುಟ್ಟಿಲ್ಲದ ಇನ್ನೊಂದು ಜಿಲ್ಲೆಯ ಮನೆಯನ್ನೂ ಮುಚ್ಚಬೇಕಾಗುತ್ತದೆ. ಕೋಷ್ಟಕದಲ್ಲಿ ಇಂಥ ಮುಚ್ಚಿದ ಮನೆ ಕಂಡರೆ ಬೇಸರಪಡಬೇಡಿ. ಯಾರಿಗೋ ಕೊಟ್ಟ ಮಾತನ್ನು ಅಲ್ಲಿ ಉಳಿಸಿಕೊಂಡಿದ್ದಾರೆ.

ಹೀಗೆ ಒಟ್ಟಾದ ಅಂಕಿ ಆಮೇಲೆ ದೇಶದ ಗಡಿ ದಾಟುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ದೇಶದೇಶಗಳಿಂದ ಇದನ್ನು ತರಿಸಿಕೊಳ್ಳುತ್ತದೆ. ಈಚಿನ ವರ್ಷಗಳಲ್ಲಿ ಜಗತ್ತಿನ ಒಟ್ಟು ಕೊಯ್ದ ಮರ ವರ್ಷಕ್ಕೆ 45ರಿಂದ 50 ಕೋಟಿ ಘನ ಮೀಟರಿನ ಆಸುಪಾಸಿನಲ್ಲಿದೆ. ಇಲ್ಲಿ ಹಿಂದಿನಿಂದ ಮುಂದಕ್ಕೂ ಒಂದು ಲೆಕ್ಕ ಹಾಕಬಹುದು. ಒಂದು ಘನ ಮೀಟರ್ ಹಲಗೆಗೆ ಸುಮಾರು 1.8 ಘನ ಮೀಟರ್ ದಿಮ್ಮಿ ಬೇಕು ಅಂತಿಟ್ಟುಕೊಂಡರೆ, 10 ಲಕ್ಷ ಘನ ಮೀಟರ್ ಹಲಗೆ ಕೊಯ್ದ ಕಡೆ 18 ಲಕ್ಷ ಘನ ಮೀಟರ್ ದಿಮ್ಮಿ ಬಂದಿರಲೇಬೇಕು. ಕಡಿಯಲು ಕೊಟ್ಟ ಪರವಾನಗಿಯ ಲೆಕ್ಕ, ಆಮದು ಆದದ್ದು, ಎರಡನ್ನೂ ಕೂಡಿ, ರಫ್ತು ಆದದ್ದನ್ನು ಕಳೆದರೂ 12 ಲಕ್ಷವೇ ಸಿಕ್ಕಿದರೆ? ಉಳಿದ 6 ಲಕ್ಷ ಘನ ಮೀಟರ್ ಎಲ್ಲಿಂದ ಬಂತು? ಮಿಲ್ಲುಗಳು ಹೆಸರಿನ ಅಳತೆ ಬರೆದಿರಬಹುದು, ಒಂದೇ ಹಲಗೆ ಎರಡು ಸಲ ಎಣಿಕೆಯಾಗಿರಬಹುದು. ಅದೆರಡೂ ಅಲ್ಲ ಅಂತ ಖಾತ್ರಿಯಾದರೆ ಉಳಿಯುವುದು, ಪರವಾನಗಿಯಿಲ್ಲದೆ ಉರುಳಿದ ಮರಗಳು. ಕಳ್ಳತನದಲ್ಲಿ ಕಡಿದವರು ಯಾವ ಫಾರಂ ತುಂಬಿರುವುದಿಲ್ಲ. ಆದರೆ ಆ ದಿಮ್ಮಿಯೂ ಎಲ್ಲೋ ಒಂದು ಗಾಡಿಯ ಮೇಲೆ ಮಲಗಿತ್ತು, ಅದರಿಂದ ಬಂದ ಹಲಗೆಗೂ ಯಾರೋ ಚೀಟಿಯಲ್ಲಿ ಗೀಟು ಎಳೆದಿದ್ದರು.