ಬೆಳ್ಳಿ ತುಂಬಿದ್ದ 'ಗೇರುಸೊಪ್ಪ' ಹಡಗು ಗುಂಪು ಬಿಟ್ಟು ಹೋಗಿದ್ದೇಕೆ?

ಪ್ರಶ್ನೆ: ನಮ್ಮ ಗೇರುಸೊಪ್ಪೆಯ ಹೆಸರಿದ್ದ ಹಡಗೊಂದು ಎರಡನೇ ಮಹಾಯುದ್ಧದಲ್ಲಿ ಟನ್‌ಗಟ್ಟಲೆ ಬೆಳ್ಳಿಯ ಜೊತೆ ಮುಳುಗಿತಂತೆ. ಯುದ್ಧದ ಹೊತ್ತಲ್ಲಿ ಸರಕು ಹಡಗುಗಳು ಗುಂಪು ಕಟ್ಟಿಕೊಂಡು ಹೋಗುತ್ತಿದ್ದವು ಅಲ್ವಾ? ಇದೊಂದು ಒಂಟಿಯಾಗಿದ್ದು ಯಾಕೆ?

ಉತ್ತರ: ಕಲ್ಲಿದ್ದಲು ಸಾಲಲಿಲ್ಲ. ಯಾಕೆ ಸಾಲಲಿಲ್ಲ ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಜೋಗ ಜಲಪಾತಕ್ಕೆ ಬ್ರಿಟಿಷರು ಹೇಳುತ್ತಿದ್ದದ್ದು ಗೇರುಸೊಪ್ಪ ಫಾಲ್ಸ್ ಎಂದು. ಹಡಗಿಗೆ ಹೆಸರು ಬಂದಿದ್ದು ಅಲ್ಲಿಂದ. ಇಂಗ್ಲೆಂಡಿನ ಜಾರೋದಲ್ಲಿ ಇದನ್ನು 'ವಾರ್ ರೋಬಕ್' ಎಂಬ ಹೆಸರಲ್ಲಿ ಕಟ್ಟಲು ಶುರು ಮಾಡಿದ್ದರು. 1919ರಲ್ಲಿ ನೀರಿಗಿಳಿಯುವಷ್ಟರಲ್ಲಿ ಮೊದಲನೇ ಮಹಾಯುದ್ಧ ಮುಗಿದಿತ್ತು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಗೆ ಸೇರಿ ಗೇರುಸೊಪ್ಪ ಆಯಿತು. ಮೆಣಸಿನ ರಾಣಿ ಚೆನ್ನಭೈರಾದೇವಿಯ ಊರಿನ ಹೆಸರು ಸರಕು ಹಡಗಿಗೆ ಚೆನ್ನಾಗಿಯೇ ಒಪ್ಪುತ್ತದೆ. ಇಟ್ಟವರಿಗೆ ಆ ರಾಣಿಯ ನೆನಪಿತ್ತು ಅಂತ ನನಗೇನೂ ಅನ್ನಿಸುವುದಿಲ್ಲ.

1940ರ ಡಿಸೆಂಬರ್‌ನಲ್ಲಿ ಕಲ್ಕತ್ತದಿಂದ ಹೊರಟಾಗ ಹಡಗಿನ ತುಂಬಾ ಬೀಡು ಕಬ್ಬಿಣ, ಚಹಾ, ಬೆಳ್ಳಿ, ಅಂಚೆ ಚೀಲಗಳು. ಆಫ್ರಿಕಾದ ಫ್ರೀಟೌನ್‌ನಲ್ಲಿ ಅದು ಎಸ್‌ಎಲ್-64 ಎಂಬ ಗುಂಪು ಸೇರಿ, 1941ರ ಜನವರಿ ಕೊನೆಗೆ ಬ್ರಿಟನ್ ಕಡೆ ಹೊರಟಿತು. ದಾರಿಯಲ್ಲಿ ಬಿರುಗಾಳಿ. ಉಗಿ ಹಡಗು ಮುಂದೆ ಸಾಗಲಿ, ಅಲೆಗೆ ಸಿಕ್ಕಿ ಇದ್ದಲ್ಲೇ ಹೊಯ್ದಾಡಲಿ, ಬಾಯ್ಲರ್ ಉರಿಯುತ್ತಲೇ ಇರಬೇಕು. ದಿನ ಜಾಸ್ತಿಯಾದಷ್ಟೂ ಕಲ್ಲಿದ್ದಲು ಕರಗುತ್ತದೆ. ಗುಂಪಿನ ಜೊತೆಗೇ ಹೋದರೆ ದಡ ಸೇರುವುದಿಲ್ಲ ಅನ್ನುವುದು ಕ್ಯಾಪ್ಟನ್‌ಗೆ ಗೊತ್ತಾಯಿತು. ಫೆಬ್ರವರಿ 14ರಂದು ಗುಂಪು ಬಿಟ್ಟು, ಐರ್ಲೆಂಡಿನ ಪಶ್ಚಿಮ ತೀರದ ಗಾಲ್ವೇ ಬಂದರಿನತ್ತ ತಿರುಗಿಸಿದರು. ತಪ್ಪು ಅನ್ನುವುದು ಕಷ್ಟ. ಕಲ್ಲಿದ್ದಲು ಮುಗಿದು ನಡುಗಡಲಲ್ಲಿ ನಿಂತ ಹಡಗನ್ನು ಹೊಡೆಯುವುದು ಇನ್ನೂ ಸುಲಭ.

16ರಂದು ಜರ್ಮನ್ ವಿಮಾನವೊಂದು ತಲೆ ಮೇಲೆ ಸುತ್ತು ಹಾಕಿ ಹೋಯಿತು. ಅದೇ ರಾತ್ರಿ ಯು-101 ಜಲಾಂತರ್ಗಾಮಿಯ ಟಾರ್ಪಿಡೊ ಬಡಿಯಿತು. ಸ್ಫೋಟಕ್ಕೆ ಮುಂದಿನ ಕೂವೆಮರ ಉರುಳಿ, ವೈರ್‌ಲೆಸ್ ತಂತಿಯೂ ಹೋಯಿತು. ಸಹಾಯಕ್ಕೆ ಕೂಗಲೂ ದಾರಿಯಿಲ್ಲ. ಸುಮಾರು 20 ನಿಮಿಷದಲ್ಲಿ ಹಡಗು ಮುಳುಗಿತು.

ಹಡಗಿನಲ್ಲಿದ್ದವರು 80ಕ್ಕೂ ಜಾಸ್ತಿ ಜನ. ಅವರಲ್ಲಿ ಹೆಚ್ಚಿನವರು ಭಾರತದ ನಾವಿಕರು, ಆಗಿನ ಮಾತಲ್ಲಿ ಲಸ್ಕರ್‌ಗಳು. ಬ್ರಿಟಿಷ್ ನಾವಿಕರಿಗಿಂತ ತುಂಬಾ ಕಡಿಮೆ ಸಂಬಳಕ್ಕೆ ದುಡಿಯುತ್ತಿದ್ದವರು. ಕೆಳಗಿಳಿಸಿದ ದೋಣಿಗಳಲ್ಲಿ ಒಂದೇ ಒಂದು ದಡ ಮುಟ್ಟಿತು. ಸೆಕೆಂಡ್ ಆಫೀಸರ್ ರಿಚರ್ಡ್ ಏರ್ಸ್ ಅದರ ಹೊಣೆ ಹೊತ್ತಿದ್ದರು. ಕುಡಿಯುವ ನೀರು ಮುಗಿಯಿತು. ಚಳಿಗೆ, ದಾಹಕ್ಕೆ ಒಬ್ಬೊಬ್ಬರಾಗಿ ಸತ್ತರು. 13 ದಿನದ ನಂತರ, ಮಾರ್ಚ್ 1ರಂದು, ಕಾರ್ನ್‌ವಾಲ್‌ನ ಲಿಜರ್ಡ್ ತೀರ ಕಂಡಿತು. ದಡ ಅಷ್ಟು ಹತ್ತಿರ ಬಂದಾಗ ಅಲೆ ಹೊಡೆದು ದೋಣಿ ಮಗುಚಿತು. ಬದುಕಿದ್ದು ಏರ್ಸ್ ಒಬ್ಬರೇ.

ಇನ್ನು ಬೆಳ್ಳಿ. ಯುದ್ಧದ ವಿಮೆ ಹಣ ಕೊಟ್ಟಿದ್ದು ಬ್ರಿಟಿಷ್ ಸರ್ಕಾರವಾದ್ದರಿಂದ ಹಕ್ಕು ಅದರದ್ದಾಯಿತು. 2011ರಲ್ಲಿ ಅಮೆರಿಕದ ಒಡಿಸ್ಸಿ ಮರೀನ್ ಕಂಪನಿ ಹಡಗನ್ನು ಪತ್ತೆ ಮಾಡಿತು. ಆಳ ಸುಮಾರು 4,700 ಮೀಟರ್, ಟೈಟಾನಿಕ್ ಬಿದ್ದಿರುವುದಕ್ಕಿಂತಲೂ ಆಳ. ಮನುಷ್ಯರು ಇಳಿಯುವ ಮಾತೇ ಇಲ್ಲ, ರೋಬೋಟ್ ಇಳಿಸಿ 2012 ಮತ್ತು 2013ರಲ್ಲಿ 2,792 ಬೆಳ್ಳಿ ಗಟ್ಟಿಗಳನ್ನು ಎತ್ತಿದರು. ಒಟ್ಟು ಸುಮಾರು 110 ಟನ್. ಒಪ್ಪಂದದ ಪ್ರಕಾರ 80 ಪಾಲು ಕಂಪನಿಗೆ, 20 ಪಾಲು ಸರ್ಕಾರಕ್ಕೆ.

ನನಗೆ ಬೆಳ್ಳಿಗಿಂತ ಅಚ್ಚರಿ ಅನ್ನಿಸಿದ್ದು ಕಾಗದ. ಒತ್ತೊತ್ತಾಗಿ ತುಂಬಿದ್ದ ಅಂಚೆ ಚೀಲಗಳಿಗೆ ಗಾಳಿ, ಬೆಳಕು ಸೋಕಿರಲಿಲ್ಲ. 700ಕ್ಕೂ ಹೆಚ್ಚು ಪತ್ರಗಳು ಉಳಿದಿದ್ದವು. ಮದುವೆಗೆ ಹುಡುಗಿ ಒಪ್ಪಿದ ಖುಷಿಯಲ್ಲಿ ಸೈನಿಕನೊಬ್ಬ ಬರೆದದ್ದೂ ಅದರಲ್ಲಿತ್ತು. 2018ರಲ್ಲಿ ಲಂಡನ್ನಿನ ಅಂಚೆ ಮ್ಯೂಸಿಯಂನಲ್ಲಿ ಇವನ್ನು ಪ್ರದರ್ಶನಕ್ಕಿಟ್ಟರು.

ಎರಡನೇ ಮಹಾಯುದ್ಧದಲ್ಲಿ ಕಡಲ ಪಾಲಾದ ಅವಿಭಜಿತ ಭಾರತದ ನಾವಿಕರ ಹೆಸರು ಹುಡುಕುವವರು ಮುಂಬೈಯ ಮಸೀದಿ ಬಂದರ್ ಹತ್ತಿರದ ಇಂಡಿಯನ್ ಸೇಲರ್ಸ್ ಹೋಮ್‌ಗೆ ಹೋಗಬೇಕು. ಅಲ್ಲಿ ಒಂದು ಪುಸ್ತಕವಿದೆ. ಅದರ ಜೋಡಿ ಪ್ರತಿ ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲಿದೆ.