ಆ ಬೆಳಕನ್ನು ಬೇಕೆಂದೇ ತರಿಸಿದ್ದು

ಪಾಳುಬಿದ್ದ ಮಾನಸಿಕ ಆಸ್ಪತ್ರೆಗಳ ಛಾಯಾಚಿತ್ರಗಳಲ್ಲಿ ಬಹುಪಾಲು ಒಂದೇ ಬಗೆಯವು: ಎದ್ದುಬಂದ ಬಣ್ಣದ ಗೋಡೆ, ತುಕ್ಕು ಹಿಡಿದ ಮಂಚ, ನಡುವೆ ಒಂದು ಗಾಲಿಕುರ್ಚಿ. ಎಷ್ಟೋ ಸಲ ಆ ಕುರ್ಚಿಯನ್ನು ಛಾಯಾಗ್ರಾಹಕನೇ ಎಳೆದು ತಂದಿಟ್ಟಿರುತ್ತಾನೆ. ಕಟ್ಟಡಗಳನ್ನು ದಾಖಲಿಸುವುದೇ ನನ್ನ ವೃತ್ತಿ, ನನಗಿದು ಒಪ್ಪಿಗೆಯಾಗುವುದಿಲ್ಲ. ಭೂತಬಂಗಲೆಯ ಚಿತ್ರ ಬೇಕೆಂದು ಹೋದವರಿಗೆ ಅಲ್ಲಿ ಆಸ್ಪತ್ರೆ ಕಾಣುವುದೇ ಇಲ್ಲ.

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಎದ್ದ ಇಂಥ ಹಲವು ಕಟ್ಟಡಗಳ ನಕ್ಷೆಯ ಹಿಂದೆ ಒಬ್ಬ ವೈದ್ಯನ ಯೋಚನೆಯಿದೆ. ಫಿಲಡೆಲ್ಫಿಯಾದ ಥಾಮಸ್ ಸ್ಟೋರಿ ಕರ್ಕ್‌ಬ್ರೈಡ್ 1854ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ನಡುವೆ ಆಡಳಿತ ಕಟ್ಟಡ, ಎರಡೂ ಬದಿಗೆ ವಾರ್ಡ್‌ಗಳ ಸಾಲು. ಪ್ರತಿ ವಾರ್ಡ್ ಪಕ್ಕದ್ದಕ್ಕಿಂತ ತುಸು ಹಿಂದೆ ಸರಿದಿರುವುದರಿಂದ ಒಂದು ಇನ್ನೊಂದರ ಗಾಳಿ ಬೆಳಕಿಗೆ ಅಡ್ಡ ಬರುವುದಿಲ್ಲ. ಬಿಸಿಲು, ಗಾಳಿ, ಹೊರಗಿನ ಹಸಿರು ಇವೆಲ್ಲ ಚಿಕಿತ್ಸೆಯ ಭಾಗವೆಂದು ಅವರು ನಂಬಿದ್ದರು. ಇಂದು ನಾವು ಮುಗಿಬಿದ್ದು ಸೆರೆಹಿಡಿಯುವ ಕಾರಿಡಾರಿನ ಬೆಳಕನ್ನು ರೋಗಿಗಳಿಗಾಗಿ ಬೇಕೆಂದೇ ಒಳಗೆ ತರಿಸಿದ್ದು.

ಕಿಟಕಿಯನ್ನು ಹತ್ತಿರದಿಂದ ನೋಡಿ. ಗಾಜಿನ ಸುತ್ತಲಿನ ತೆಳುಪಟ್ಟಿಗಳು ದೂರಕ್ಕೆ ಮರದವೆನಿಸುತ್ತವೆ. ಹಲವೆಡೆ ಅವು ಬಣ್ಣ ಬಳಿದ ಎರಕದ ಕಬ್ಬಿಣ. ಸರಳುಗಳ ಕೆಲಸ ಆಗಬೇಕಿತ್ತು, ಆದರೆ ಸೆರೆಮನೆ ಎನಿಸಬಾರದಿತ್ತು. ಬಣ್ಣ ಕಿತ್ತ ಜಾಗದಲ್ಲಿ ತುಕ್ಕು ಇಣುಕಿದಾಗಲೇ ಇದು ತಿಳಿಯುವುದು. ನಾನು ಮೊದಲು ತೆಗೆಯುವುದು ಈ ಚಿತ್ರವನ್ನೇ.

ಆಮೇಲೆ ಆ ಆಶಯ ಹೇಗೆ ಕುಸಿಯಿತು ಎಂಬುದನ್ನೂ ತೋರಿಸಬೇಕು. ಪಶ್ಚಿಮ ವರ್ಜೀನಿಯಾದ ವೆಸ್ಟನ್ ಆಸ್ಪತ್ರೆಯನ್ನು ಕಟ್ಟಿದ್ದು 250 ರೋಗಿಗಳಿಗೆಂದು. 1950ರ ದಶಕದಲ್ಲಿ ಅಲ್ಲಿದ್ದವರು ಸುಮಾರು 2,400. ಒಬ್ಬರಿಗೆಂದು ಮಾಡಿದ ಕೋಣೆಯ ನೆಲದಲ್ಲಿ ಮಂಚದ ಕಾಲುಗಳ ಗುರುತು ಎಷ್ಟಿವೆ ಎಂದು ನೋಡಿದರೆ ಈ ಬಗೆಯ ಇಕ್ಕಟ್ಟು ಕಣ್ಣಿಗೆ ಬೀಳುತ್ತದೆ. ಕ್ಯಾಮೆರಾವನ್ನು ನೆಲಕ್ಕೆ ತಗ್ಗಿಸಿ, ಬಾಗಿಲ ಚೌಕಟ್ಟನ್ನೂ ಸೇರಿಸಿಕೊಳ್ಳಿ. ಕೋಣೆಯ ಅಳತೆ ನೋಡುಗನಿಗೆ ಸಿಗುತ್ತದೆ. 1954ರಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಮನೋರೋಗದ ಔಷಧಿ ಅಮೆರಿಕದಲ್ಲಿ ಬಳಕೆಗೆ ಬಂತು, 1963ರಲ್ಲಿ ಇಂಥ ಆಸ್ಪತ್ರೆಗಳ ಬದಲು ಊರೂರಿನ ಕೇಂದ್ರಗಳಲ್ಲೇ ಚಿಕಿತ್ಸೆ ಸಿಗಲೆಂದು ಸಮುದಾಯ ಮಾನಸಿಕ ಆರೋಗ್ಯ ಕಾಯ್ದೆ ಬಂತು, ವಾರ್ಡ್‌ಗಳು ಒಂದೊಂದಾಗಿ ಖಾಲಿಯಾದವು. ಮ್ಯಾಸಚೂಸೆಟ್ಸ್‌ನ ಡ್ಯಾನ್ವರ್ಸ್ ಆಸ್ಪತ್ರೆ 1992ರಲ್ಲಿ ಮುಚ್ಚಿತು. ಅದರ ಬಹುಭಾಗವನ್ನು ಕೆಡವಿ ವಸತಿ ಸಮುಚ್ಚಯ ಮಾಡಿದ್ದಾರೆ. 1994ರಲ್ಲಿ ಮುಚ್ಚಿದ ವೆಸ್ಟನ್ ಉಳಿದಿದೆ, ಟಿಕೆಟ್ ಪಡೆದು ಒಳಗೆ ಹೋಗಬಹುದು. ಹೊಸಬರು ಅಲ್ಲಿಂದಲೇ ಶುರು ಮಾಡಲಿ. ಬೇಲಿ ಹಾರಿ ನುಗ್ಗುವುದು ಅಪರಾಧವಷ್ಟೇ ಅಲ್ಲ, ಕೊಳೆತ ಹಲಗೆಯ ನೆಲ ಎಲ್ಲಿ ಕುಸಿಯುತ್ತದೆಂದು ಹೇಳುವವರೂ ಜೊತೆಗಿರುವುದಿಲ್ಲ. ಹಳೆಯ ಬಣ್ಣದಲ್ಲಿ ಸೀಸ, ಕೊಳವೆಗಳ ಹೊದಿಕೆಯಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಬಟ್ಟೆಯ ಮಾಸ್ಕ್ ಇವುಗಳ ವಿಷಧೂಳಿಗೆ ಸಾಲದು, ಸೂಕ್ಷ್ಮ ಕಣಗಳನ್ನೂ ತಡೆಯುವ ಪಿ100 ಫಿಲ್ಟರಿನ ಉಸಿರುಕವಚ ಬೇಕು. ಫ್ಲ್ಯಾಷ್ ಬೇಡ. ಟ್ರೈಪಾಡ್ ಮೇಲೆ ದೀರ್ಘ ಎಕ್ಸ್‌ಪೋಷರ್ ಕೊಟ್ಟರೆ ಕಿಟಕಿಯ ಬೆಳಕೇ ಸಾಕು.

ಇನ್ನು ರೋಗಿಗಳ ವಸ್ತುಗಳ ವಿಷಯ. ನ್ಯೂಯಾರ್ಕ್ ರಾಜ್ಯದ ವಿಲ್ಲಾರ್ಡ್ ಆಸ್ಪತ್ರೆ 1995ರಲ್ಲಿ ಮುಚ್ಚಿದಾಗ ಅಟ್ಟದಲ್ಲಿ ರೋಗಿಗಳ ಸುಮಾರು 400 ಸೂಟ್‌ಕೇಸುಗಳು ಸಿಕ್ಕವು. ಮುಂದೆ ಜಾನ್ ಕ್ರಿಸ್ಪಿನ್ ಎಂಬ ಛಾಯಾಗ್ರಾಹಕರು ಅವುಗಳನ್ನು ಒಂದೊಂದಾಗಿ ಚಿತ್ರಿಸಿದರು, ಆದರೆ ಗೌಪ್ಯತೆಯ ನಿಯಮದಿಂದಾಗಿ ಒಡೆಯರ ಪೂರ್ಣ ಹೆಸರುಗಳನ್ನು ಪ್ರಕಟಿಸಲಿಲ್ಲ. ಕಡತವೊಂದು ನೆಲದ ಮೇಲೆ ತೆರೆದು ಬಿದ್ದಿದ್ದರೂ ಹೆಸರು ಓದಲಾಗುವಂತೆ ನಾನು ತೆಗೆಯುವುದಿಲ್ಲ, ಅದನ್ನು ಮುಟ್ಟುವುದೂ ಇಲ್ಲ. ಅದು ಅಲ್ಲಿ ಬಿದ್ದಿರುವ ವಿಷಯವನ್ನು ಕಟ್ಟಡದ ಹೊಣೆ ಹೊತ್ತವರಿಗೆ ತಿಳಿಸುತ್ತೇನೆ. ಆ ಮನುಷ್ಯನ ಮಕ್ಕಳೋ ಮೊಮ್ಮಕ್ಕಳೋ ಎಲ್ಲೋ ಬದುಕಿರಬಹುದು. ಆ ಹೆಸರನ್ನು ಹೊರಗೆ ಹೇಳಬೇಕೇ ಬೇಡವೇ ಎಂಬುದು ಅವರಿಗೆ ಬಿಟ್ಟದ್ದು.