ಉಬ್ಬರ ಬೇರೆ, ಅಬ್ಬರ ಬೇರೆ

ಜುಲೈ ಮಳೆಯಲ್ಲಿ ಕಾರವಾರದ ಕಡಲ ದಂಡೆಗೆ ಹೋದವರು ಎದ್ದು ಬೀಳುವ ಅಲೆ ನೋಡಿ 'ಇವತ್ತು ಉಬ್ಬರ ಜೋರು' ಅಂದುಬಿಡುತ್ತಾರೆ. ಆ ಹೊತ್ತಿಗೆ ನೀರು ಇಳಿಯುತ್ತಲೂ ಇರಬಹುದು! ಅಲೆ ಎಬ್ಬಿಸುವುದು ಗಾಳಿ, ಅದು ಅಬ್ಬರ. ಉಬ್ಬರದಲ್ಲಿ ಸಮುದ್ರದ ಮಟ್ಟವೇ ಸುಮಾರು 6 ಗಂಟೆ ಸದ್ದಿಲ್ಲದೆ ಏರುತ್ತದೆ, ಆಮೇಲೆ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಇಳಿಯುತ್ತದೆ. ಇಲ್ಲಿನ ಕೊಂಕಣಿಯಲ್ಲಿ ಭರತಿ, ಸುಕತಿ. ಎಲೆ ಅಲುಗದ ದಿನವೂ ಭರತಿ ತಪ್ಪುವುದಿಲ್ಲ.

ಕಾರಣ ಚಂದ್ರ. ತನ್ನ ಕಡೆ ಇರುವ ನೀರನ್ನು ಅವನು ಜಾಸ್ತಿ ಎಳೆಯುತ್ತಾನೆ, ಭೂಮಿಯ ನಡುವನ್ನು ಅದಕ್ಕಿಂತ ಕಡಿಮೆ, ಆಚೆ ಬದಿಯ ನೀರನ್ನು ಇನ್ನೂ ಕಡಿಮೆ. ಈ ಹೆಚ್ಚುಕಡಿಮೆಯಿಂದಲೇ ಎರಡೂ ಬದಿ ನೀರು ಉಬ್ಬುತ್ತದೆ, ನಮಗೆ ದಿನಕ್ಕೆ ಎರಡು ಉಬ್ಬರ ಸಿಗುತ್ತದೆ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರ ಸ್ವಲ್ಪ ಮುಂದೆ ಹೋಗಿರುತ್ತಾನಲ್ಲ, ಅದಕ್ಕೇ ಇವತ್ತಿನ ಉಬ್ಬರ ನಾಳೆ ಸುಮಾರು 50 ನಿಮಿಷ ತಡ.

ಸೂರ್ಯನೂ ಕೈ ಹಾಕುತ್ತಾನೆ, ಆದರೆ ಅವನ ಪಾಲು ಚಂದ್ರನ ಅರ್ಧಕ್ಕಿಂತ ಕಡಿಮೆ. ಅಮಾವಾಸ್ಯೆ, ಹುಣ್ಣಿಮೆಯಲ್ಲಿ ಇಬ್ಬರ ಎಳೆತವೂ ಕೂಡಿಕೊಳ್ಳುತ್ತದೆ, ಹಾಗಾಗಿ ಆ ದಿನಗಳಲ್ಲಿ ಮತ್ತು ಅದರ ಒಂದೆರಡು ದಿನ ಆಚೆಗೆ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿ ಹೊತ್ತಿಗೆ ಎಲ್ಲ ಮಂದ.

ಕಾರವಾರದಲ್ಲಿ ಈ ಏರಿಳಿತ ಹೆಚ್ಚೆಂದರೆ 2 ಮೀಟರ್ ಆಸುಪಾಸು. ಗುಜರಾತಿನ ಖಂಭಾತ್ ಕೊಲ್ಲಿ ಆಲಿಕೆಯ ಹಾಗೆ ಕಿರಿದಾಗುತ್ತಾ ಹೋಗುವುದರಿಂದ ಭಾವನಗರದ ಹತ್ತಿರ ಇದೇ 10 ಮೀಟರ್ ದಾಟುತ್ತದೆ. ನಮ್ಮ 2 ಮೀಟರ್ ಏನು ಮಹಾ ಅನ್ನಬೇಡಿ. ಕುಮಟಾ ಹತ್ತಿರ ಅಘನಾಶಿನಿಯ ಅಳಿವೆ ತಗ್ಗು ಜಾಗ, ಅಷ್ಟು ಏರಿದರೆ ಸಾಕು, ಉಪ್ಪುನೀರು ಹೊಳೆಯಲ್ಲಿ ಮೈಲಿಗಟ್ಟಲೆ ಒಳಗೆ ಬರುತ್ತದೆ. ಅದನ್ನು ತಡೆಯಲು ಒಡ್ಡು ಕಟ್ಟಿ, ಬಾಗಿಲು ಇಟ್ಟು ಮಾಡಿದ ಗದ್ದೆಗಳೇ ಗಜನಿ. ಮಾಣಿಕಟ್ಟಾದಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪು ತಡೆದುಕೊಳ್ಳುತ್ತದೆ. ಕೊಯ್ಲು ಮುಗಿದ ಮೇಲೆ ಬಾಗಿಲು ತೆಗೆದರೆ ಉಬ್ಬರದ ಜೊತೆ ಸಿಗಡಿ, ಮೀನು ತಾವಾಗಿಯೇ ಗದ್ದೆಗೆ ಬರುತ್ತವೆ. ಗೋಕರ್ಣದ ಪಕ್ಕದ ಸಾಣಿಕಟ್ಟಾದ ಉಪ್ಪಿನಾಗರಕ್ಕೂ ನೀರು ತರುವುದು ಇದೇ ಭರತಿ. ಬಳಚು, ಅಂದರೆ ಚಿಪ್ಪುಮೀನು ಹೆಕ್ಕುವವರಿಗೆ ಮಾತ್ರ ಬೇಕಾಗಿದ್ದು ಇಳಿತ. ಅವರ ಕೆಲಸದ ಹೊತ್ತು ದಿನಾ ಬದಲಾಗುತ್ತದೆ, ಗೋಡೆ ಗಡಿಯಾರ ನಂಬಿದರೆ ಬುಟ್ಟಿ ಖಾಲಿ.

ಚಂದ್ರ, ಸೂರ್ಯರ ಲೆಕ್ಕ ಗೊತ್ತಿರುವುದರಿಂದ ಭಾರತೀಯ ಸರ್ವೇಕ್ಷಣಾ ಇಲಾಖೆ ಇಡೀ ವರ್ಷದ ಉಬ್ಬರ-ಇಳಿತದ ವೇಳಾಪಟ್ಟಿ ಮೊದಲೇ ಕೊಡುತ್ತದೆ. ಅಬ್ಬರಕ್ಕೆ ಆ ಭಾಗ್ಯ ಇಲ್ಲ, ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಅಲೆಯ ಎಚ್ಚರಿಕೆ ಕೊಡುವುದು ಕೆಲವೇ ದಿನ ಮುಂಚೆ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಅಲೆ ಇಲ್ಲಿ ಗಾಳಿಯೇ ಇಲ್ಲದಾಗಲೂ ದಡಕ್ಕೆ ಬಡಿಯುವುದುಂಟು.

ಭಯ ಪಡಬೇಕಾದದ್ದು ಎರಡೂ ಒಟ್ಟಿಗೆ ಬಂದಾಗ. ನೀರು ಕಡಿಮೆ ಇದ್ದರೆ ದೊಡ್ಡ ಅಲೆ ದೂರದಲ್ಲೇ ಒಡೆದು ಬಲ ಕಳೆದುಕೊಳ್ಳುತ್ತದೆ. ತುಂಬು ಉಬ್ಬರದಲ್ಲಿ ದಂಡೆಯ ಬುಡದಲ್ಲೂ ನೀರು ಆಳ ಇರುತ್ತದೆ, ಅಲೆ ಒಡೆಯದೆ ಸೀದಾ ತೆಂಗಿನ ಬುಡಕ್ಕೆ ಬಂದು ಬಡಿಯುತ್ತದೆ. ಮಳೆಗಾಲದ ಅಮಾವಾಸ್ಯೆ, ಹುಣ್ಣಿಮೆ ಸುತ್ತಮುತ್ತ ಕಡಲ್ಕೊರೆತದ ಸುದ್ದಿ ಜಾಸ್ತಿ ಬರುವುದು ಇದಕ್ಕೇ.